ಮಂಚದ ಕೆಳಗಿನ ಸಿಲಿಂಡರು

ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಎರಡು ಶೇವಿಂಗ್ ಬ್ರಶ್ಶುಗಳಿವೆ. ಕೆಂಪು ಹಿಡಿಯದ್ದು ನನ್ನ ಗಡ್ಡಕ್ಕೆ. ಕಪ್ಪು ಹಿಡಿಯದ್ದು ಮಂಚದ ಕೆಳಗೆ ಇಟ್ಟಿರುವ ಒಂದು ಹಳೇ ಫ್ರಿಜ್ ಗ್ಯಾಸ್ ಸಿಲಿಂಡರಿಗೆ. ಊರಿಂದ ಬಂದ ನೆಂಟರು ಗೊತ್ತಿಲ್ಲದೆ ಕಪ್ಪು ಬ್ರಶ್ಶನ್ನು ಎತ್ತಿಕೊಂಡು ಕೆನ್ನೆಗೆ ನೊರೆ ಹಚ್ಚಿಕೊಂಡಾಗ ನನಗೆ ಕೋಪ ಬರುತ್ತದೆ. ಅವರ ಕೆನ್ನೆ ಹಾಳಾಯಿತು ಅಂತಲ್ಲ, ಬ್ರಶ್ಶು ಮೈಲಿಗೆಯಾಯಿತು ಅಂತ. ನನ್ನ ಹೆಂಡತಿ ರತ್ನಮ್ಮ ಈ ಬ್ರಶ್ಶನ್ನು ಮೂರು ಸಲ ಎಸೆದಿದ್ದಾಳೆ. ಮೂರು ಸಲವೂ ತಿಪ್ಪೆಯಿಂದ ಹುಡುಕಿ ತಂದಿದ್ದೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಬಟ್ಟೆ ಸೋಪನ್ನು ಲೋಟದಲ್ಲಿ ನೆನೆಸಿ, ದಪ್ಪನೆ ನೊರೆ ಎಬ್ಬಿಸಿ, ಸಿಲಿಂಡರಿನ ವಾಲ್ವಿಗೂ ಅಂಚಿಗೂ ಹಚ್ಚಿ, ಮಂಡಿಯೂರಿ ಕೂತು ನೋಡುತ್ತೇನೆ. ಎಲ್ಲಾದರೂ ಗುಳ್ಳೆ ಎದ್ದರೆ ಅಲ್ಲಿಂದ ಗ್ಯಾಸು ಸೋರುತ್ತಿದೆ ಅಂತ ಅರ್ಥ. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಒಂದು ಗುಳ್ಳೆಯೂ ಎದ್ದಿಲ್ಲ. ಇಷ್ಟು ನಿಷ್ಠೆಯಿಂದ ದೇವರ ಮನೆಯಲ್ಲಿ ಮಂಡಿಯೂರಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಆಗುತ್ತಿತ್ತು ಎನ್ನುತ್ತಾಳೆ ರತ್ನಮ್ಮ.

ನಾನು ಬಂಗಾರಪೇಟೆಯ ಫ್ರಿಜ್ ಸ್ವಾಮಣ್ಣ. ನಾರಾಯಣಸ್ವಾಮಿ ಅಂತ ಹೆಸರಿಟ್ಟಿದ್ದರು, ಅದು ಈಗ ಓಟರ್ ಲಿಸ್ಟಿನಲ್ಲಿ ಮಾತ್ರ ಉಳಿದಿದೆ. ನಲವತ್ತು ವರ್ಷ ಫ್ರಿಜ್ ರಿಪೇರಿ ಮಾಡಿ ಅಂಗಡಿ ಮುಚ್ಚಿದ್ದೇನೆ. ಕೈ ಸುಮ್ಮನಾಯಿತು, ಕಾಲು ಮಾತ್ರ ಸುಮ್ಮನಾಗಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲ ತನಕ ಹೋಗಬೇಕು, ಬಾಗಿಲಿಗೆ ಹೋದರೆ ಬೀದಿಯ ತಿರುವಿನಲ್ಲಿ ಏನೋ ಇದೆ ಅನ್ನಿಸುತ್ತದೆ. ಆದ್ದರಿಂದ ಈ ಕಥೆಯೂ ಆ ಕಡೆ ಈ ಕಡೆ ಓಡಾಡಿದರೆ ನೀವು ಬೇಸರ ಮಾಡಿಕೊಳ್ಳಬಾರದು.

ಹೋದ ಸೆಪ್ಟೆಂಬರಿನ ಮೊದಲ ವಾರ, ಪೇಪರಿನ ಒಳಪುಟದಲ್ಲಿ, ಸೀರೆ ಅಂಗಡಿಯ ಜಾಹೀರಾತಿನ ಕೆಳಗೆ ಅಂಗೈ ಅಗಲದ ಸುದ್ದಿ ಇತ್ತು. ಆಕಾಶದ ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆಯಂತೆ. ತೂತು ನಿಧಾನವಾಗಿ ಕಿರಿದಾಗುತ್ತಿದೆಯಂತೆ. ಇನ್ನೂ ಕೆಲವು ದಶಕ ಬೇಕು, ಆದರೆ ದಾರಿ ಸರಿಯಾಗಿದೆಯಂತೆ. ನಾನು ಕಾಫಿ ಲೋಟ ಹಿಡಿದೇ ಎದ್ದುಬಿಟ್ಟೆ. ಮತ್ತೆ ಕೂತು ಓದಿದೆ. ಮತ್ತೆ ಎದ್ದೆ.

ಅಡಿಗೆಮನೆಗೆ ಹೋಗಿ ರತ್ನಮ್ಮನಿಗೆ ಹೇಳಿದೆ. ಅವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. "ಸದ್ಯ, ಮುಚ್ಚಿತಲ್ಲ. ಇನ್ನು ಆ ಸಿಲಿಂಡರ್ ತೆಗೀರಿ. ಮಂಚದ ಕೆಳಗೆ ರಾಗಿ ಮೂಟೆ ಇಟ್ಕೋಬೇಕು."

ಸಮಾಧಾನವಾಗಲಿಲ್ಲ. ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಸ್ಟೇಷನ್ ಪಕ್ಕದ ಟೀ ಅಂಗಡಿಗೆ ಹೋದೆ. ಅಲ್ಲಿ ಆಟೋ ಓಡಿಸುವ ಮುನಿರಾಜ ಇದ್ದ. ನಮ್ಮ ಬೀದಿಯವನೇ. ಸುದ್ದಿ ಕೇಳಿ ಅವನು ಬಾಯಿಗಿಟ್ಟ ಬನ್ನನ್ನು ಹೊರಗೆ ತೆಗೆದ.

"ಆಕಾಸ್ದಾಗೆ ಓಟೆ ಇತ್ತಾ ಸಾಮಣ್ಣಾ?"

"ಇತ್ತಪ್ಪ. ಇಷ್ಟು ವರ್ಷ ಇತ್ತು."

"ಇದ್ದಾಗ ನಮ್ಗ್ಯಾರೂ ಯೋಳ್ಲಿಲ್ಲ, ಮುಚ್ಚೋವಾಗ ಯೋಳ್ತಾವ್ರೆ. ಓಗ್ಲಿ, ಮುಚ್ಚಿದ್ಮೇಲೆ ಈ ಬಿಸ್ಲು ಕಮ್ಮಿ ಆಗ್ಬೇಕಲ್ಲ, ಯಾಕಾಗ್ಲಿಲ್ಲ?"

ಬಿಸಿಲಿನ ಕಾವಿಗೆ ಬೇರೆ ಕಾರಣವಿದೆ, ಓಝೋನ್ ತಡೆಯುವುದು ಚರ್ಮಕ್ಕೂ ಕಣ್ಣಿಗೂ ಕೆಡುಕು ಮಾಡುವ ಬೇರೊಂದು ಕಿರಣವನ್ನು ಅಂತ ವಿವರಿಸಿದೆ. ಎರಡೂ ಒಂದೇ ಅಂತ ನಾನೂ ಬಹಳ ಕಾಲ ತಿಳಿದಿದ್ದವನೇ. ಮಗಳು ತಿದ್ದಿದ ಮೇಲೆ ಪಂಡಿತನಾದೆ. ಮುನಿರಾಜ ಎಲ್ಲ ಕೇಳಿ, "ಅಂಗಾದ್ರೆ ನಮ್ಗೇನೂ ಲಾಭ ಇಲ್ಲ ಬಿಡು" ಅಂತ ಬನ್ನನ್ನು ಮತ್ತೆ ಬಾಯಿಗಿಟ್ಟ.

ಬೆಂಚಿನ ತುದಿಯಲ್ಲಿ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರು ಕೂತಿದ್ದರು. ರೈಲಿಗೆ ಕಾಯುತ್ತಿದ್ದರು. ಅವರು ನನ್ನ ಕಡೆ ತಿರುಗಿ, "ಓಟೆ ತಂತಾನೇ ಮುಚ್ಚಲ್ಲ ಸಾಮಿ" ಅಂದರು. "ಒಳಗಡೆ ಕಲ್ಲು ಒಡೆದು ತೆಗೆದ್ಮೇಲೆ ಆ ಜಾಗಕ್ಕೆ ನಾವು ಮರಳು ತುಂಬ್ತಿದ್ವಿ. ತುಂಬ್ದಿದ್ರೆ ಮೇಲಿರೋ ಮನೆ ಅಲ್ಲಾಡೋದು. ಅಲ್ಲಿ ಯಾರು ತುಂಬಿದ್ರು?"

"ಯಾರೂ ತುಂಬಲಿಲ್ಲ. ಕೆಡಿಸೋದು ನಿಲ್ಸಿದ್ರು, ಅಷ್ಟೆ. ಅದೇ ಬೆಳ್ಕೊಂಡು ಬರ್ತಾ ಇದೆ."

ಅವರು ಟೀ ಲೋಟ ಕೆಳಗಿಟ್ಟರು. "ನಮ್ ಗಣೀನೂ ನಿಲ್ಸಿ ಬಾಳ ವರ್ಷ ಆಯ್ತು. ಮುಚ್ಚಲಿಲ್ವೇ" ಅಂದರು. ಅಷ್ಟರಲ್ಲಿ ಮಾರಿಕುಪ್ಪಂ ರೈಲು ಬಂತು, ಎದ್ದು ಹೋದರು.

ಸಂಜೆ ವಾಕಿಂಗಿನಲ್ಲಿ ಹಿರೇಮಠರು ಸಿಕ್ಕರು. ಹುಬ್ಬಳ್ಳಿ ಕಡೆಯವರು, ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ದುಡಿದು ರಿಟೈರಾಗಿ ಇಲ್ಲೇ ನಿಂತವರು. ಅವರ ಫ್ರಿಜ್ಜನ್ನು ನಾನು ನಾಲ್ಕು ಸಲ ಬದುಕಿಸಿದ್ದೇನೆ. "ಛಲೋ ಸುದ್ದಿ ಐತಿ ಸ್ವಾಮಿಯವ್ರ" ಅಂದರು. "ಆದ್ರ ಕೆಟ್ಟದ್ದಾದ್ರ ಮಂದಿ ಮಾತಾಡ್ತಾರ. ಆಗೋದಿದ್ದ ಕೆಟ್ಟದ್ದು ತಪ್ಪಿತಂದ್ರ ಯಾರ್ ಏನ್ ಮಾತಾಡ್ಬೇಕ್ರಿ?" ನ್ಯಾಯವಾದ ಮಾತು. ಆದರೆ ನನಗೆ ಮಾತಾಡಬೇಕಿತ್ತು. ಕಾಲು ಸುಟ್ಟ ಬೆಕ್ಕಿನ ಹಾಗೆ ಆವತ್ತು ನಾನು ಊರೆಲ್ಲ ತಿರುಗಿದ್ದು ಯಾಕೆಂದರೆ, ಆ ತೂತಿನಲ್ಲಿ ನನ್ನದೂ ಒಂದು ಪಾಲಿದೆ.

ಚಿಕ್ಕಂದಿನಲ್ಲಿ ನಮ್ಮ ಹಳ್ಳಿಗೆ ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿಯವನು ಬರುತ್ತಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತಿತ್ತು. ಹೊಗೆ ಬರುವುದೆಲ್ಲ ಸುಡುತ್ತದೆ ಅಂತ ನಂಬಿದ್ದ ನಾನು ಮೊದಲ ಸಲ ಐಸ್‌ಕ್ಯಾಂಡಿಯನ್ನು ಉಫ್ ಉಫ್ ಅಂತ ಊದಿ ಊದಿ ತಿಂದೆ. ಊರಿನವರು ಇದನ್ನು ನನ್ನ ಮದುವೆಯ ದಿನವೂ ನೆನೆಸಿ ನಕ್ಕರು. ಆ ತಂಪು ಎಲ್ಲಿಂದ ಬರುತ್ತದೆ ಅನ್ನುವ ಹುಚ್ಚು ಮಾತ್ರ ಹೋಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನು ಸೀದಾ ಕೆ.ಜಿ.ಎಫ್.ನ ಊರಿಗಾಂಗೆ ಹೋಗಿ ಅರುಳ್ ಮೇಸ್ತ್ರಿಯ ಕೈಕೆಳಗೆ ಸೇರಿಕೊಂಡೆ.

ಮೇಸ್ತ್ರಿ ಗಣಿಯ ಆಳಕ್ಕೆ ತಂಪು ಗಾಳಿ ಕಳಿಸುವ ಯಂತ್ರದ ಮನೆಯಲ್ಲಿದ್ದವರು. ಕೆಳಗೆ ಬಂಡೆಯೇ ಕಾವಲಿಯ ಹಾಗೆ ಕಾದಿರುತ್ತಿತ್ತಂತೆ, ಮೇಲಿಂದ ತಂಪು ಇಳಿಯದಿದ್ದರೆ ಯಾರೂ ಕೈ ಆಡಿಸುವಂತಿರಲಿಲ್ಲವಂತೆ. ಪಾಳಿ ಮುಗಿಸಿ ಅವರು ಸ್ಟಾಫ್ ಕ್ವಾರ್ಟರ್ಸಿನ ಫ್ರಿಜ್ಜುಗಳನ್ನು ನೋಡುತ್ತಿದ್ದರು. ನನಗೆ ಅವರು ಕಲಿಸಿದ ಮೊದಲ ಪಾಠ ಸೋಪಿನದು. "ಗ್ಯಾಸು ಕಣ್ಣಿಗೆ ಕಾಣಲ್ಲ ತಂಬಿ, ಮೂಗಿಗೂ ಸಿಗಲ್ಲ. ಸೋಪಿಗೆ ಮಾತ್ರ ಸಿಗುತ್ತೆ. ಮನುಷ್ಯ ಸುಳ್ಳು ಹೇಳ್ತಾನೆ, ನೊರೆ ಹೇಳಲ್ಲ." ಕಪ್ಪು ಹಿಡಿಯ ಬ್ರಶ್ಶು ಅವರದೇ.

ಫ್ರಿಜ್ ರಿಪೇರಿಯವನಿಗೆ ಗೊತ್ತಿರುವಷ್ಟು ಒಂದು ಮನೆಯ ವಿಷಯ ಪುರೋಹಿತರಿಗೂ ಗೊತ್ತಿರುವುದಿಲ್ಲ. ಮೈಸೂರು ಕಡೆಯವರ ಫ್ರಿಜ್ಜಿನಲ್ಲಿ ಮಲ್ಲಿಗೆ ದಂಡೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ಹಿರೇಮಠರ ಮನೆಯದರಲ್ಲಿ ಬೆಣ್ಣೆಯ ಪಕ್ಕ ಶೇಂಗಾ ಹಿಂಡಿ. ಮಂಗಳೂರಿನವರದ್ದು ಬಾಗಿಲು ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು. ಒಬ್ಬ ಸಾಹೇಬರ ಮನೆಯಲ್ಲಿ ಫ್ರಿಜ್ಜಿಗೆ ಬೀಗವಿತ್ತು, ಒಳಗೆ ಒಂದು ಬಾಟಲಿ ನೀರು, ಎರಡು ನಿಂಬೆಹಣ್ಣು. ಆ ಬೀಗದ ರಹಸ್ಯವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ತಂಪು ಕಡಿಮೆಯಾಯಿತು ಅಂತ ಕರೆದರೆ ನಾವು ಮಾಡುವ ಮೊದಲ ಕೆಲಸ, ಪೈಪು ಕತ್ತರಿಸಿ ಒಳಗೆ ಉಳಿದ ಹಳೇ ಗ್ಯಾಸನ್ನು ಹೊರಗೆ ಬಿಟ್ಟುಬಿಡುವುದು. ಫುಸ್ ಅಂತ ಒಂದು ಸದ್ದು, ಬೆರಳಿಗೆ ಒಂದು ಚಳಿ, ಮುಗಿಯಿತು. ಆಮೇಲೆ ಹೊಸ ಗ್ಯಾಸು ತುಂಬುವುದು. ಹನ್ನೆರಡನೇ ನಂಬರಿನ ಗ್ಯಾಸು ಅನ್ನುತ್ತಿದ್ದೆವು. ಬೆಂಕಿ ಹತ್ತುವುದಿಲ್ಲ, ವಾಸನೆಯಿಲ್ಲ, ವಿಷವಿಲ್ಲ, ಸಾಧು ಪ್ರಾಣಿ. ಹದಿನೆಂಟು ವರ್ಷ ದಿನಕ್ಕೊಂದು ಎರಡು ಫುಸ್ ಬಿಟ್ಟಿದ್ದೇನೆ. ಕ್ವಾರ್ಟರ್ಸಿನ ಮಕ್ಕಳು ಸುತ್ತ ನಿಂತು ಮತ್ತೊಮ್ಮೆ ಬಿಡಿ ಅಂಕಲ್ ಅನ್ನುತ್ತಿದ್ದವು. ನಾನೂ ಬಿಡುತ್ತಿದ್ದೆ, ಹೊಗಳಿಸಿಕೊಳ್ಳುವ ಚಪಲ.

ನನ್ನ ಮಗಳು ಸುಮಾಳ ಐದನೇ ಹುಟ್ಟುಹಬ್ಬಕ್ಕೆ ಬೇರೆ ಏನೂ ತರಲಿಲ್ಲ. ಅವಳ ಸ್ಲೇಟನ್ನು ಒದ್ದೆ ಮಾಡಿ, ಸಿಲಿಂಡರನ್ನು ತಲೆಕೆಳಗು ಹಿಡಿದು ಅದರ ಮೇಲೆ ಗ್ಯಾಸು ಬಿಟ್ಟೆ. ಕಣ್ಣೆದುರಿಗೇ ಸ್ಲೇಟಿನ ಮೇಲೆ ಬಿಳಿ ಮಂಜು ಕಟ್ಟಿತು. ಬಂಗಾರಪೇಟೆಯಲ್ಲಿ, ಏಪ್ರಿಲ್ ತಿಂಗಳಲ್ಲಿ. ಅವಳು ಆ ಮಂಜಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದಳು. ನನ್ನ ಜೀವನದಲ್ಲಿ ನಾನು ಕೊಟ್ಟ ಅತ್ಯುತ್ತಮ ಉಡುಗೊರೆ ಅದು ಅಂತ ಬಹಳ ಕಾಲ ಅಂದುಕೊಂಡಿದ್ದೆ.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಶಾಲೆಯಿಂದ ಬಂದವಳು ಫ್ರಿಜ್ಜಿನ ನೀರು ಬೇಡ ಅಂದಳು. ಚೀಲ ಇಳಿಸದೆ ನನ್ನ ಎದುರು ನಿಂತಳು.

"ಅಪ್ಪಾ, ಫ್ರಿಜ್ಜಿನ ಗ್ಯಾಸಿಂದಾನೇ ಆಕಾಶ ತೂತಾಗಿದೆಯಂತೆ. ನೀನು ತುಂಬ್ತೀಯಲ್ಲ, ಅದೇ ಗ್ಯಾಸಾ?"

ನಮ್ಮ ಮನೆಯಲ್ಲಿ ಸುಳ್ಳು ಹೇಳಬಾರದು ಅಂತ ನಾನೇ ಗೋಡೆಗೆ ಕ್ಯಾಲೆಂಡರ್ ಚಿತ್ರ ಅಂಟಿಸಿದ್ದೆ. ಆದರೆ ಆ ಮುಖದ ಎದುರು ಹೂಂ ಅನ್ನಲು ಆಗಲಿಲ್ಲ. ಮೂಲೆಯಲ್ಲಿ ಒಂದು ಸಿಲಿಂಡರ್ ಇತ್ತು. ಅದನ್ನು ತೋರಿಸಿ, "ನಾವು ಬಿಡಲ್ಲಮ್ಮ. ಹಳೇ ಗ್ಯಾಸನ್ನೆಲ್ಲ ಹಿಡಿದು ಇದರೊಳಗೆ ತುಂಬಿ ಬೀಗ ಹಾಕಿಬಿಡ್ತೀನಿ" ಅಂದೆ.

ಅವಳ ಮುಖ ಅರಳಿತು. ಮರುದಿನ ಇಡೀ ಕ್ಲಾಸಿಗೆ ಹೇಳಿದಳಂತೆ, ಟೀಚರು ಚಪ್ಪಾಳೆ ಹೊಡೆಸಿದರಂತೆ. ಭಾನುವಾರ ಬೆಳಿಗ್ಗೆ ಅವಳೇ ಲೋಟದಲ್ಲಿ ನೊರೆ ಮಾಡಿಕೊಂಡು ಕಪ್ಪು ಬ್ರಶ್ಶು ಹಿಡಿದು ಬಂದಳು. "ಸೋರ್ತಾ ಇದೆಯಾ ನೋಡೋಣ ಬಾ ಅಪ್ಪಾ." ಇಬ್ಬರೂ ಮಂಡಿಯೂರಿ ಕೂತೆವು. ಒಂದು ಗುಳ್ಳೆಯೂ ಏಳಲಿಲ್ಲ. ಅವಳು ಖುಷಿಯಿಂದ ನನ್ನ ಬೆನ್ನು ತಟ್ಟಿದಳು. ಖಾಲಿ ಸಿಲಿಂಡರಿನಲ್ಲಿ ಗುಳ್ಳೆ ಎಲ್ಲಿಂದ ಏಳಬೇಕು ಹೇಳಿ. ನೊರೆ ಸುಳ್ಳು ಹೇಳುವುದಿಲ್ಲ ಅಂದಿದ್ದ ಮೇಸ್ತ್ರಿಯ ಬ್ರಶ್ಶಿನಿಂದಲೇ ನಾನು ಸುಳ್ಳು ಹೇಳಿಸಿದ್ದೆ.

ಮೂರು ಭಾನುವಾರ ತಡೆದುಕೊಂಡೆ. ನಾಲ್ಕನೆಯದಕ್ಕೆ ಆಗಲಿಲ್ಲ. ಅರುಳ್ ಮೇಸ್ತ್ರಿಯ ಹತ್ತಿರ ಹೋಗಿ ಉಪಾಯ ಕೇಳಿದೆ. ಅವರು ಸಿಲಿಂಡರನ್ನು ಐಸು, ಉಪ್ಪು ತುಂಬಿದ ಟಬ್ಬಿನಲ್ಲಿ ಕೂರಿಸು ಅಂದರು. ಫ್ರಿಜ್ಜಿನಿಂದ ಅದಕ್ಕೊಂದು ಪೈಪು ಕೊಟ್ಟರೆ ಗ್ಯಾಸು ತಂಪಿರುವ ಕಡೆಗೆ ಹರಿದು ಅಲ್ಲಿ ದ್ರವವಾಗಿ ಕೂರುತ್ತದೆ. ಪೂರ್ತಿ ಬರುವುದಿಲ್ಲ, ಅರ್ಧವೋ ಮುಕ್ಕಾಲೋ ಬರುತ್ತದೆ. ಅಂದಿನಿಂದ ಮೀನಿನ ಅಂಗಡಿಯಿಂದ ಐಸು ತಂದು, ಪ್ಲಾಸ್ಟಿಕ್ ಟಬ್ಬು ಹೊತ್ತು ಮನೆಮನೆಗೆ ಹೋಗತೊಡಗಿದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ. ಕೈಯೆಲ್ಲ ಮೀನಿನ ವಾಸನೆ. "ಏನ್ ಸಾಮಣ್ಣಾ, ನಮ್ ಗ್ಯಾಸ್ನ ನೀನ್ ತುಂಬ್ಕೊಂಡು ಓಗ್ತೀಯಾ, ಇನ್ನೊಬ್ರಿಗೆ ಮಾರಾಕಾ?" ಅಂತ ಕೇಳಿದರು. ಗ್ಯಾಸ್ ಕಳ್ಳ ಅಂತ ಹೆಸರೂ ಬಂತು. ಅರ್ಧ ಗಿರಾಕಿಗಳು ಬೇರೆ ಮೆಕ್ಯಾನಿಕ್‌ನ ಕರೆಯತೊಡಗಿದರು, ಅವನು ಫುಸ್ ಅಂತ ಬಿಟ್ಟು ಹತ್ತು ನಿಮಿಷದಲ್ಲಿ ಹೋಗುತ್ತಿದ್ದ.

ಕೆಲವು ವರ್ಷಕ್ಕೆ ಹೊಸ ನಮೂನೆಯ ಗ್ಯಾಸುಗಳು ಬಂದವು. ಹನ್ನೆರಡನೇ ನಂಬರು ಮಾರುಕಟ್ಟೆಯಿಂದ ಹೋಯಿತು. ಮಂಚದ ಕೆಳಗಿನದು ಮಾತ್ರ ಉಳಿಯಿತು. ಕೊಡಲು ಜಾಗ ಹುಡುಕಿದೆ. ಗುಜರಿಯವನು ಕೊಯ್ದು ಕಬ್ಬಿಣ ತಗೋತೀನಿ ಅಂದ. ಬಂದ ದಾರಿಯಲ್ಲೇ ವಾಪಸ್ ತಂದೆ. ಸುಮಾ ಓದಿ, ಊರಿಗಾಂನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಮದುವೆಯಾಗಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳೆ. ಪ್ರತಿ ವರ್ಷ ಓಝೋನ್ ಪಾಠ ಬಂದಾಗ ಮಕ್ಕಳಿಗೆ ತನ್ನ ಅಪ್ಪನ ಕಥೆ ಹೇಳುತ್ತಾಳೆ. ಪ್ರತಿ ವರ್ಷ ಆ ವಾರ ನಾನು ಅವಳ ಬೀದಿಗೆ ಕಾಲಿಡುವುದಿಲ್ಲ.

ಪೇಪರಿನಲ್ಲಿ ಸುದ್ದಿ ಬಂದ ಸಂಜೆ ಅವಳು ಓಡೋಡಿ ಬಂದಳು. ಬೆಂಗಳೂರಿನಲ್ಲಿ ಇಂಥ ಹಳೇ ಗ್ಯಾಸನ್ನು ತೆಗೆದುಕೊಂಡು, ಆಕಾಶಕ್ಕೆ ಹೋಗದ ಹಾಗೆ ನಾಶ ಮಾಡುವವರು ಇದ್ದಾರಂತೆ, ಅವರನ್ನು ಹುಡುಕಿ ಮಾತಾಡಿದ್ದಳು. ಅದಕ್ಕೆ ಮೊದಲು ಶಾಲೆಯ ಓಝೋನ್ ದಿನಕ್ಕೆ ಸಿಲಿಂಡರನ್ನೂ ನನ್ನನ್ನೂ ಕರೆದುಕೊಂಡು ಹೋಗಬೇಕು. "ನೀನು ಗೆದ್ದೆ ಅಪ್ಪಾ" ಅಂದಳು. ಊರಲ್ಲಿ ಈ ಸುದ್ದಿಗೆ ಕುಣಿದಾಡಿದವಳು ಅವಳೊಬ್ಬಳೇ. ನಾನು ಎದ್ದು ಬಾಗಿಲ ತನಕ ಹೋದೆ.

ರೈಲಿನಲ್ಲಿ ಸಿಲಿಂಡರ್ ಒಯ್ಯಬಾರದು, ನಿಯಮ ಅಂದಳು ಸುಮಾ. ಓಝೋನ್ ದಿನ ಬೆಳಿಗ್ಗೆ ಮುನಿರಾಜನ ಆಟೋ ಹಿಡಿದೆವು. ರತ್ನಮ್ಮನ ಹಳೇ ಸೀರೆಯಲ್ಲಿ ಸಿಲಿಂಡರನ್ನು ಸುತ್ತಿ ನಮ್ಮಿಬ್ಬರ ನಡುವೆ ಕೂರಿಸಿದೆವು. ರಸ್ತೆಯ ಒಂದೊಂದು ಹಳ್ಳಕ್ಕೂ ನಾನು ಅದರ ಕತ್ತು ಹಿಡಿದುಕೊಳ್ಳುತ್ತಿದ್ದೆ. ಸುಮಾ ಚೀಲದಿಂದ ಹಾಳೆ ತೆಗೆದು ಮಕ್ಕಳ ಮುಂದೆ ಓದುವ ಭಾಷಣವನ್ನು ನನಗೆ ಓದಿ ತೋರಿಸಿದಳು.

"ಎಲ್ಲರೂ ಗ್ಯಾಸನ್ನು ಗಾಳಿಗೆ ಬಿಡುತ್ತಿದ್ದ ಕಾಲದಲ್ಲಿ ನನ್ನ ತಂದೆ ಒಂದು ಗುಳ್ಳೆಯಷ್ಟನ್ನೂ ಆಕಾಶಕ್ಕೆ ಬಿಡಲಿಲ್ಲ."

ನನಗೆ ಕೂರಲಾಗಲಿಲ್ಲ. ಆಟೋದಲ್ಲಿ ಎದ್ದು ನಿಲ್ಲಲೂ ಆಗುವುದಿಲ್ಲ. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳು ಕಾಣತೊಡಗಿದ್ದವು.

"ಸುಮಾ, ಆ ಸಾಲು ಹೊಡೆದುಹಾಕು" ಅಂದೆ.

"ಯಾಕಪ್ಪಾ, ಜಾಸ್ತಿ ಆಯ್ತಾ?"

"ಜಾಸ್ತಿ ಅಲ್ಲ, ಸುಳ್ಳು. ನೀನು ಕೇಳಿದ ದಿನ ಸಿಲಿಂಡರ್ ಖಾಲಿ ಇತ್ತು. ಅದಕ್ಕೆ ಮೊದಲು ಹದಿನೆಂಟು ವರ್ಷ ಎಲ್ಲಾ ಬಿಟ್ಟಿದ್ದೀನಿ. ನಿನ್ನ ಸ್ಲೇಟಿನ ಮೇಲೆ ಮಂಜು ಮಾಡಿದ್ದೂ ಅದರಲ್ಲೇ."

ಅವಳು ಹಾಳೆಯನ್ನು ಮಡಚಿದಳು. ಸಿಲಿಂಡರಿನ ಮೇಲೆ ಕೈಯಿಟ್ಟು, "ಈಗ ಇದರಲ್ಲಿ ಏನಿದೆ?" ಅಂದಳು.

"ಗ್ಯಾಸೇ ಕಣಮ್ಮ. ಆಮೇಲೆ ಹಿಡಿದು ತುಂಬಿದ್ದು. ಆಣೆಯಾಗ್ಲೂ."

"ಇಷ್ಟು ವರ್ಷ ನಂಬಿಸ್ದೆಯಲ್ಲ. ಇದನ್ನ ಹೇಗೆ ನಂಬಲಿ?"

"ಅಲ್ಲಾಡಿಸಿ ನೋಡು, ಕುಲುಕುತ್ತೆ."

"ನೀರು ತುಂಬಿದ್ರೂ ಕುಲುಕುತ್ತೆ."

ನಾನು ಹೆತ್ತ ಮಗಳು, ನನಗಿಂತ ಬುದ್ಧಿವಂತೆ. ಮುಂದೆ ಕೂತಿದ್ದ ಮುನಿರಾಜ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟ. "ಒಂಚೂರು ಬಿಟ್ ತೋರ್ಸಿಬಿಡು ಸಾಮಣ್ಣಾ. ಎಂಗೂ ಓಟೆ ಮುಚ್ಕೊಂಡ್ ಬತ್ತಾ ಐತಲ್ಲ, ಇಷ್ಟರಿಂದ ಏನಾಯ್ತದೆ?"

ಅದೇ ಕಷ್ಟ. ವಾಲ್ವನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಫುಸ್ ಅನ್ನುತ್ತದೆ, ಮಗಳು ನಂಬುತ್ತಾಳೆ. ಆದರೆ ಆ ಫುಸ್ಸನ್ನು ತಡೆಯಲಿಕ್ಕೇ ಅಲ್ಲವೇ ನಾನು ಮೀನಿನ ಐಸು ಹೊತ್ತದ್ದು, ಕಳ್ಳ ಅನ್ನಿಸಿಕೊಂಡದ್ದು. ಸುಮಾ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹನ್ನೆರಡು ಕಿಲೋಮೀಟರು ಅಷ್ಟು ದೂರ ಅಂತ ನನಗೆ ಗೊತ್ತಿರಲಿಲ್ಲ.

ಎಂಟನೇ ಕ್ಲಾಸಿನ ಕೋಣೆ. ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಭೂಮಿ, ಅದರ ಸುತ್ತ ನೀಲಿ ಗೆರೆ. ಮೇಜಿನ ಮೇಲೆ ಸಿಲಿಂಡರು. ಸುಮಾ ಹಾಳೆಯನ್ನು ತೆಗೆಯಲೇ ಇಲ್ಲ. "ಇವರು ನಮ್ಮಪ್ಪ. ಫ್ರಿಜ್ ಮೆಕ್ಯಾನಿಕ್. ಇವರ ಕಥೆ ಇವರೇ ಹೇಳ್ತಾರೆ" ಅಂದು ಕಿಟಕಿಯ ಹತ್ತಿರ ಹೋಗಿ ಕೈಕಟ್ಟಿ ನಿಂತಳು.

ಹೇಳಿದೆ. ಫುಸ್ ಹೇಳಿದೆ, ಮಂಜು ಹೇಳಿದೆ, ಎಲ್ಲ ಹೇಳಿದೆ. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕೈಯೆತ್ತಿದಳು.

"ತಾತಾ, ಬೇಕಂತಾನೇ ಬಿಟ್ರಾ?"

"ಇಲ್ಲಮ್ಮ, ಗೊತ್ತಿರಲಿಲ್ಲ."

"ಗೊತ್ತಾದ್ಮೇಲೆ?"

"ಗೊತ್ತಾದ ದಿನ ಸುಳ್ಳು ಹೇಳಿದೆ. ಆಮೇಲೆ ನಾಚಿಕೆಯಾಗಿ ಹಿಡಿಯೋಕೆ ಶುರುಮಾಡಿದೆ."

ಹುಡುಗಿ ತಲೆಯಾಡಿಸಿ ಕೂತಳು, ಇದು ತನಗೆ ಚೆನ್ನಾಗಿ ಪರಿಚಯವಿರುವ ವ್ಯವಹಾರ ಅನ್ನುವ ಹಾಗೆ. ನನಗೆ ಅಲ್ಲಿ ನಿಲ್ಲಲಾಗದೆ, ಏನಾದರೂ ಮಾಡಬೇಕಲ್ಲ ಅಂತ ಚೀಲದಿಂದ ಲೋಟ, ಸೋಪು, ಕಪ್ಪು ಬ್ರಶ್ಶು, ಸ್ಪ್ಯಾನರು ತೆಗೆದೆ. ಸೋರಿಕೆ ನೋಡುವುದು ಹೇಗೆ ಅಂತ ತೋರಿಸುತ್ತೇನೆ ಅಂದೆ. ಆ ಹುಡುಗಿಯನ್ನೇ ಕರೆದು ಬ್ರಶ್ಶು ಕೊಟ್ಟೆ. ಅವಳು ನಾಲಗೆ ಕಚ್ಚಿಕೊಂಡು, ರಂಗೋಲಿ ಹಾಕುವ ಶ್ರದ್ಧೆಯಿಂದ ಅಂಚಿಗೆ ಹಚ್ಚಿದಳು, ವಾಲ್ವಿಗೆ ಹಚ್ಚಿದಳು. "ಈಗ ನೋಡಿ, ಏನೂ ಆಗಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ..." ಅಂತ ಶುರುಮಾಡಿದೆ.

"ಗುಳ್ಳೆ ತಾತಾ" ಅಂದಳು ಹುಡುಗಿ.

ಬಗ್ಗಿ ನೋಡಿದೆ. ವಾಲ್ವಿನ ಹಿಡಿಯ ಬುಡದಲ್ಲಿ, ನಟ್ಟಿನ ಪಕ್ಕ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತ್ತು. ಮುನಿರಾಜನ ಆಟೋ ಹಾರಿದ ಹಳ್ಳಗಳಲ್ಲಿ ಯಾವುದೋ ಒಂದರಲ್ಲಿ ನಟ್ಟು ಸಡಿಲವಾಗಿತ್ತು. ಗುಳ್ಳೆ ಕಡಲೆಯಷ್ಟಾಯಿತು. ಕಿಟಕಿಯ ಬೆಳಕಿಗೆ ಅದರ ಮೇಲೆ ಬಣ್ಣಗಳು ಓಡಾಡಿದವು. ಇಡೀ ಕ್ಲಾಸು ಬೆಂಚು ಬಿಟ್ಟು ಎದ್ದು ಬಂದು ಮೇಜಿನ ಸುತ್ತ ಮುತ್ತಿಕೊಂಡಿತು. ಇಪ್ಪತ್ತೈದು ವರ್ಷ ನಾನು ಹೆದರಿದ್ದ ಗುಳ್ಳೆ ಅದು, ಒಳಗೆ ಬರೀ ನೀರಿದ್ದರೆ ಏಳದ ಗುಳ್ಳೆ. ಸ್ಪ್ಯಾನರು ನನ್ನ ಕೈಯಲ್ಲೇ ಇತ್ತು.

ಮಕ್ಕಳ ತಲೆಗಳ ಮೇಲಿಂದ ಒಂದು ಕೈ ಬಂದು ಮೇಜನ್ನು ಹಿಡಿದುಕೊಂಡಿತು. ಸುಮಾ ಬಗ್ಗಿ ನೋಡುತ್ತಿದ್ದಳು, ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಮಂಡಿಯೂರಿ ನೋಡುತ್ತಿದ್ದ ಹಾಗೆಯೇ. ಗುಳ್ಳೆ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

"ನೋಡ್ತಾ ನಿಂತ್ಕೋಬೇಡ ಅಪ್ಪಾ" ಅಂದಳು ಅವಳು. "ಗ್ಯಾಸ್ ಹೋಗ್ತಾ ಇದೆ. ಮೊದ್ಲು ಬಿಗಿ ಮಾಡು."

ಬಿಗಿ ಮಾಡಿದೆ. ಆದರೆ ಎಲ್ಲ ಹೇಳಿದ ಮೇಲೆ ಇದೊಂದನ್ನು ಯಾಕೆ ಮುಚ್ಚಿಡಲಿ, ಎರಡನೇ ಗುಳ್ಳೆ ಪೂರ್ತಿ ದೊಡ್ಡದಾಗುವವರೆಗೂ ಕಾದು ಬಿಗಿ ಮಾಡಿದೆ.